ಮೆಟ್ಟಿಲ ಕೆಳಗಿನ ಕೋಣೆ

ಹೊರಗಿನಿಂದ ಚಿಲಕ ಬಿತ್ತು. ನೋಣಯ್ಯ ಎರಡೂ ಕೈಗಳಿಂದ ಗೋಡೆ ಹಿಡಿದುಕೊಂಡರು. ಕಿಟಕಿಯಿಲ್ಲದ ಕೋಣೆ. ಅರುವತ್ತರ ಹತ್ತಿರದ ಮನುಷ್ಯ. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು.

ಮಟಮಟ ಮಧ್ಯಾಹ್ನವೇ ಸಿಕ್ಕಿಬಿದ್ದಿದ್ದರು. ಮೂಡುಬಿದಿರೆ ಬಳಿಯ ಈ ಹಳೆಯ ಅನಾಥಾಲಯದ ಕಟ್ಟಡ ಈಗ ಅದನ್ನು ನಡೆಸುತ್ತಿದ್ದ ಟ್ರಸ್ಟಿನ ಗೋದಾಮು. ಮೆಟ್ಟಿಲ ಕೆಳಗಿದ್ದ ಕಬ್ಬಿಣದ ಕಪಾಟನ್ನು ಸರಿಸಿ, ಅದರ ಹಿಂದಿನ ಬಾಗಿಲಿನ ಬೀಗ ಒಡೆಯುವಾಗ ಅವರು ಸದ್ದಿನ ಪರಿವೆಯನ್ನೇ ಮಾಡಿರಲಿಲ್ಲ. ಓಡಿ ಬಂದ ಕಾವಲುಗಾರ ಶಮೀರ್, ಒಳಹೊಕ್ಕವರನ್ನು ಅಲ್ಲೇ ಕೂಡಿಹಾಕಿ ಮ್ಯಾನೇಜರಿಗೆ ಫೋನ್ ಮಾಡಿದ್ದ.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಬೆರಳಿನಷ್ಟು ತೆರೆಯಿತು.

"ಪ್ರಾಯದವರು ನೀವು. ಹೋಗಿಬಿಡಿ ಮಾರಾಯ್ರೇ," ಶಮೀರ್ ಪಿಸುಗುಟ್ಟಿದ. "ಮ್ಯಾನೇಜರು ಪೊಲೀಸರನ್ನು ಕರ್ಕೊಂಡು ಬರ್ತಾ ಇದ್ದಾರೆ. ಹಿಂದೆ ಒಂದು ಗೇಟು ಉಂಟು."

ಬೆಳಕಿನ ಗೆರೆ ಕಂಡದ್ದೇ ನೋಣಯ್ಯನವರ ಕಾಲು ತಾನಾಗಿ ಮುಂದಾಯಿತು. ಆದರೂ ಬೇಡವೆಂದು ತಲೆಯಾಡಿಸಿದರು.

"ಬಾಗಿಲು ಹಾಕು ಮಗ. ಅವರು ಬರಲಿ."

ಬೆಳಕು ಹೋಯಿತು. ಅವರು ನೆಲಕ್ಕೆ ಕುಸಿದು, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ಬಾಯಿಗೆ ಟವೆಲು ತುರುಕಿಕೊಂಡರು. ಕೂಗಬಾರದು.

ಎಸ್.ಐ. ನವ್ಯಾ ಬಂದಾಗ ಅವರಿಗೆ ನಿಲ್ಲಲೂ ಆಗಲಿಲ್ಲ. ಶಮೀರ್ ತೋಳು ಹಿಡಿದ.

"ಇವ ಕಳ್ಳ, ಮೇಡಂ. ಬೀಗ ಒಡೆದು ನುಗ್ಗಿದ್ದು," ಎಂದು ಕೂಗಾಡಿದ ಮ್ಯಾನೇಜರ್ ಜಿತೇಶ್. ಆತ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೇ.

"ದೂರು ಬರೆದುಕೊಡಿ," ಎಂದರು ನವ್ಯಾ.

"ಎಲ್ಲಿ ಸಿಕ್ಕಿದ್ದು ಅಂತ ಸರಿಯಾಗಿ ಬರೆಯಿರಿ," ನೋಣಯ್ಯ ಹೇಳಿದರು. "ಮೆಟ್ಟಿಲ ಕೆಳಗೆ, ಕಿಟಕಿ ಇಲ್ಲದ ಕೋಣೆ. ಚಿಲಕ ಹೊರಗಿನಿಂದ ಮಾತ್ರ."

"ನೀನು ನನಗೆ ಕಲಿಸುವುದು ಬೇಡ!" ಎಂದರೂ ಜಿತೇಶ್ ಹಾಗೆಯೇ ಬರೆದ. ಸಹಿ ಹಾಕಿ ಟ್ರಸ್ಟಿನ ಮುದ್ರೆ ಒತ್ತಿದ. ಪೊಲೀಸರು ಕೋಣೆಯ ಫೋಟೋ ತೆಗೆದು, ಉದ್ದಗಲ ಅಳೆದು ಮಹಜರು ಬರೆದರು. ಗೋಡೆಯ ಬುಡದಲ್ಲಿ ಉಗುರಿನಿಂದ ಕೆರೆದ ಐದಾರು ಹೆಸರುಗಳಿದ್ದವು. ನವ್ಯಾ ಅವನ್ನೂ ಸೇರಿಸಲು ಹೇಳಿದರು.

ಆಮೇಲೆ ನೋಣಯ್ಯನವರತ್ತ ತಿರುಗಿದರು. "ಇಲ್ಲಿ ಕದಿಯಲಿಕ್ಕೆ ಏನುಂಟು? ಯಾಕೆ ಬಂದದ್ದು ನೀವು?"

ನೋಣಯ್ಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟರು. ಚಿಕ್ಕವನಿದ್ದಾಗ ತನ್ನನ್ನು ಇಲ್ಲಿ ದಿನಗಟ್ಟಲೆ ಕೂಡಿಹಾಕುತ್ತಿದ್ದರೆಂದು ಅವರು ವಿಚಾರಣಾ ಸಮಿತಿಗೆ ಕೊಟ್ಟಿದ್ದ ದೂರಿಗೆ, ಇದೇ ಮುದ್ರೆಯೊತ್ತಿ ಟ್ರಸ್ಟು ಬರೆದಿದ್ದ ಒಂದು ಸಾಲಿನ ಉತ್ತರ ಅದು: "ನಮ್ಮ ಕಟ್ಟಡದಲ್ಲಿ ಅಂಥ ಕೋಣೆ ಎಂದೂ ಇರಲಿಲ್ಲ."