ಚುರುಮುರಿ ಮೆತ್ತಗಾಗುವ ಮೊದಲು

ಮುಲುಂಡ್ ಸ್ಟೇಷನ್ನಿನಿಂದ ಅಣವೀರಪ್ಪನ ಮಿಸ್ಡ್ ಕಾಲ್ ಬಂದ ಕೂಡಲೇ ದಾನೇಶ್ವರಿ ಈರುಳ್ಳಿ ಹೆಚ್ಚಲು ಕೂತಳು. ಟೊಮೆಟೊ, ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಣಸೆ ಚಟ್ನಿ, ಅರ್ಧ ನಿಂಬೆಹಣ್ಣು. ಚುರುಮುರಿ ಸುರಿದು ಕಲಸುವ ಹೊತ್ತಿಗೆ ಸರಿಯಾಗಿ ಗಂಡ ಬಾಗಿಲಲ್ಲಿರಬೇಕು. ದಾದರ್‌ನಲ್ಲಿ ದಿನವಿಡೀ ಟೈಲ್ಸ್ ಕೂರಿಸಿ ಬರುವವನಿಗೆ ಅದು ಗರಿಗರಿಯಾಗಿಯೇ ಬೇಕು.

ಬ್ರಿಜ್ ಹತ್ತಿ ಬಂದರೆ ಇಪ್ಪತ್ತು ನಿಮಿಷ, ಹಳಿ ದಾಟಿ ಬಂದರೆ ಎಂಟು. ಹಳಿ ದಾಟಬೇಡಿ ಎಂದು ಅವಳು ಹೇಳಿದ್ದುಂಟು. ಆದರೆ ಮೊನ್ನೆ ಅವನು ಬ್ರಿಜ್ ಮೇಲಿಂದ ತಡವಾಗಿ ಬಂದಾಗ, ನಾನು ಕಾದೇನು, ಚುರುಮುರಿ ಕಾಯುತ್ತದೆಯೇ ಎಂದು ಮುಖ ಊದಿಸಿದವಳೂ ಅವಳೇ.

ಇವತ್ತು ಕಲಸಿ ಮುಗಿಯಿತು, ಅವನು ಬರಲಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಕುರುಂ ಎಂದಿತು. ಇನ್ನೂ ಹೊತ್ತಾಗಿಲ್ಲ ಬಿಡು ಎಂದುಕೊಂಡಳು. ಅಷ್ಟರಲ್ಲಿ ಪಕ್ಕದ ಖೋಲಿಯ ಹಸೀನಾ ತರಕಾರಿ ಚೀಲ ಹಿಡಿದು ಬಾಗಿಲಿಗೆ ಬಂದಳು.

"ಅಕ್ಕಾ, ಅಣ್ಣಾರು ಬಂದ್ರೇನು?"

"ಇನ್ನೂ ಇಲ್ಲ. ಯಾಕ?"

"ಹಳಿ ಮ್ಯಾಲ ಯಾರಿಗೋ ಫಾಸ್ಟ್ ಲೋಕಲ್ ಬಡೀತಂತ. ಮಂದಿ ಕೂಡ್ಯಾರ. ನನಗ ನೋಡಾಕ ಧೈರ್ಯ ಆಗ್ಲಿಲ್ಲ."

ದಾನೇಶ್ವರಿ ಹುಣಸೆ ಅಂಟಿದ ಕೈಯಲ್ಲೇ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ರಿಂಗಾಯಿತು. ಇವತ್ತು ಬ್ರಿಜ್ ಮೇಲಿಂದಲೇ ಬರುತ್ತಾರೆ ಎಂದು ಹಸೀನಾಗೆ ಹೇಳಿದಳು, ಯಾರೂ ಕೇಳದೆಯೇ ಇನ್ನೊಮ್ಮೆ ಹೇಳಿದಳು. ಮತ್ತೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಸದ್ದೇ ಇಲ್ಲ. ಸ್ಟೇಷನ್ನಿಗೆ ಹೋಗಿ ನೋಡೋಣವೆಂದು ಹಸೀನಾ ಕೈ ಹಿಡಿದು ಎಬ್ಬಿಸಲು ಹೋದರೆ ದಾನೇಶ್ವರಿ ಕೈ ಬಿಡಿಸಿಕೊಂಡು ಮತ್ತೆ ಫೋನ್ ಹಚ್ಚಿದಳು.

ಆಗ ಅಣವೀರಪ್ಪ ಒಳಗೆ ಬಂದ. ಇಬ್ಬರನ್ನೂ ನೋಡದೆ ಗೋಡೆಗೆ ಒರಗಿ ಕೂತು ಬೋಗುಣಿಯನ್ನೇ ಎಳೆದುಕೊಂಡ. ಫೋನ್ ಚೀಲದಲ್ಲಿತ್ತು, ಕೇಳಿಸಲಿಲ್ಲ ಎಂದ.

"ಎಲ್ಲಿಂದ ಬಂದ್ರಿ?" ದಾನೇಶ್ವರಿ ಕೇಳಿದಳು.

"ಬ್ರಿಜ್ ಮ್ಯಾಲಿಂದ. ಭಾಳ ಗದ್ದಲಿತ್ತು."

ಮುದ್ದೆಯಾದ ಚುರುಮುರಿಯನ್ನು ಗೊಣಗದೆ ತಿನ್ನತೊಡಗಿದ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಮ್ಮಕ್ಕನ ಜೀವಾನೇ ಹೋಗ್ತಿತ್ತು ಎಂದು ಹಸೀನಾ ಅವನನ್ನು ಚುಡಾಯಿಸಿ, ದೇವರಿಗೆ ಕೈಯೆತ್ತಿ ತನ್ನ ಖೋಲಿಗೆ ಹೋದಳು. ದಾನೇಶ್ವರಿ ಕಣ್ಣೊರೆಸಿಕೊಂಡು ನಕ್ಕಳು, ಬಾಗಿಲು ಮುಚ್ಚಲು ಹೋದಳು.

ಹೊಸ್ತಿಲಾಚೆ ಗಂಡನ ಎಡಗಾಲಿನ ಚಪ್ಪಲಿ ಒಂದೇ ಇತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಅಣವೀರಪ್ಪ, ಹಳಿಯ ಎಣ್ಣೆಮಸಿ ಮೆತ್ತಿದ ಬರಿಯ ಬಲಗಾಲನ್ನು ಮೆಲ್ಲಗೆ ತೊಡೆಯ ಕೆಳಗೆ ಎಳೆದುಕೊಳ್ಳುತ್ತಿದ್ದ.