ಟರ್ಬೊ ಕಾರಿನ ಬೆಲೆ

ತೀರಿಕೊಂಡ ಅಪ್ಪನ ಆಸ್ತಿ ಅಕ್ಕ ತಮ್ಮನ ನಡುವೆ ಪಾಲಾಗುತ್ತಿತ್ತು. ಕಾರಿನ ಸರದಿ ಬಂದಾಗ ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಾರು ಅಪ್ಪನ ಹೆಸರಿನಲ್ಲಿದ್ದರೂ ಓಡಿಸುತ್ತಿದ್ದವನು ಅವನೇ, ಗ್ಯಾರೇಜಿನಲ್ಲಿ ನಿಂತು ವೇಗ ಹೆಚ್ಚಲೆಂದು ಅದಕ್ಕೆ ಟರ್ಬೊ ಹಾಕಿಸಿದವನೂ ಅವನೇ. ಚಪ್ಪಲಿ ಬಿಡದೆ ಅದರೊಳಗೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಈಗ ಅದನ್ನು ಇಟ್ಟುಕೊಳ್ಳಬೇಕಾದರೆ ಅದಕ್ಕೆ ಎಷ್ಟು ಬೆಲೆ ಕಟ್ಟುತ್ತಾರೋ ಅಷ್ಟು ಹಣ ಅವನ ಪಾಲಿನಲ್ಲಿ ಕಡಿತವಂತೆ!

"ಹನ್ನೆರಡು ಲಕ್ಷ ಬಾಳುತ್ತಲ್ವೇನೋ?" ಎಂದರು ಪಂಚಾಯ್ತಿಗೆ ಕೂತಿದ್ದ ಸೋದರಮಾವ.

"ಯಾವನು ಕೊಡ್ತಾನೆ ಮಾವ?" ಅವನು ಮೇಜು ಗುದ್ದಿದ. "ಟರ್ಬೊ ಕಂಪನಿಯದ್ದಲ್ಲ, ಹೊರಗೆ ಹಾಕಿಸಿದ್ದು. ಇಂಜಿನ್ ಯಾವತ್ತು ಕೈ ಕೊಡುತ್ತೋ ಗೊತ್ತಿಲ್ಲ. ಗುಜರಿ ಅದು! ಒಂದು ಲಕ್ಷದ ಮೇಲೆ ಒಂದು ಕಾಸೂ ಬಾಳಲ್ಲ. ನಾಚಿಕೆ ಬಿಟ್ಟು ತವರಲ್ಲಿ ಪಾಲು ಕೇಳೋಕೆ ಬಂದೋರಿಗೆ ಅದೂ ಜಾಸ್ತಿನೇ!"

ಕೊನೆಯ ಮಾತನ್ನು ಅವನು ಎಸೆದದ್ದು ಮೂಲೆಯಲ್ಲಿ ಕೂತಿದ್ದ ಅಕ್ಕನ ಕಡೆಗೆ.

"ಒಂದೇ ಲಕ್ಷ ಅಂತ ಬರೀಲಾ? ಆಮೇಲೆ ತಕರಾರು ತೆಗೀಬಾರದು," ಎಂದರು ಮಾವ.

"ಬರ್ಕೊಳ್ಳಿ! ಮಾತು ತಪ್ಪೋ ಗಂಡಸಲ್ಲ ನಾನು."

ಮಾವ ಬರೆದುಕೊಂಡರು. ಅಕ್ಕ ಎದ್ದು ಬಂದು ಅವನ ಮುಂದೆ ಅಂಗೈ ಚಾಚಿದಳು.

"ಹಾಗಾದ್ರೆ ಆ ಗುಜರಿ ನನ್ನ ಪಾಲಿಗಿರಲಿ ಕಣೋ. ಕೀ ಕೊಡು."