ಸ್ವಾಗತದ ತಮಟೆ

"ನಾಳೆ ಮಂತ್ರಿಗಳು ಬರ್ತಾರೆ ಮಾದೇವಿ, ನಿನ್ನ ಮಹಿಳಾ ತಮಟೆ ತಂಡ ಕರ್ಕೊಂಡು ಬಾ" ಎಂದರು ರಿಮ್ಯಾಂಡ್ ಹೋಮಿನ ಮೇಡಂ. "ಇಲ್ಲಿದ್ದಾಗ ಊಟದ ತಟ್ಟೆ ಬಡೀತಿದ್ದೆ. ತಮಟೆ ಕೊಡ್ಸಿ ಕಲಿಸಿದ್ದು ನಾನೇ ಅಲ್ವೇನೇ?"

ಮಾಡದ ಕಳ್ಳತನಕ್ಕೆ ಹದಿನಾಲ್ಕನೇ ವಯಸ್ಸಿನಲ್ಲಿ ಒಳಗೆ ಬಂದಿದ್ದ ಮಾದೇವಿ ಎರಡು ವರ್ಷ ಅವ್ವನ ಮುಖ ಕಂಡಿರಲಿಲ್ಲ. ಮಗಳನ್ನು ನೋಡಲು ಬರುವ ಕೇರಿಯ ತಾಯಂದಿರನ್ನು ಈಗಲೂ ಗೇಟಿನಿಂದಲೇ ಅಟ್ಟುತ್ತಿದ್ದರು.

"ಮೊದಲು ತಾಯಂದಿರಿಗೆ ಮಕ್ಕಳನ್ನ ತೋರ್ಸಿ ಮೇಡಂ."

"ವಿಳಾಸದ ದಾಖಲೆ ತರ್ಲಿ, ತೋರಿಸ್ತೀನಿ."

"ಗುಡಿಸಲಿಗೆ ಯಾವನು ಕೊಡ್ತಾನೆ ದಾಖಲೆ?"

"ಕೇರೀಲಿ ಸಂಘ ಕಟ್ಟಿದ ಮೇಲೆ ನಿಂಗೆ ಬಾಯಿ ಜಾಸ್ತಿ ಆಗಿದೆ. ಬರ್ತೀಯೋ, ಇಲ್ವೋ?"

ಮಾದೇವಿ ಹಲ್ಲು ಕಚ್ಚಿಕೊಂಡಳು. "ಬರ್ತೀವಿ. ಹದಿನಾರು ಜನ. ಗೇಟಲ್ಲಿ ತಡೀಬಾರ್ದು."

"ತಮಟೆ ಹಿಡ್ಕೊಂಡೋರನ್ನ ಯಾರು ತಡೀತಾರೆ? ಬನ್ನಿ."

ಮರುದಿನ ಕೆಂಪು ಸೀರೆಯುಟ್ಟ ಹೆಂಗಸರು ತಮಟೆ ಹಿಡಿದು ಮಾದೇವಿಯ ಹಿಂದೆ ಒಳಗೆ ಬಂದರು. ಕಾವಲುಗಾರನೇ ಗೇಟು ತೆರೆದ. ಅಂಗಳದಲ್ಲಿ ಹೋಮಿನ ಹುಡುಗಿಯರನ್ನು ಸಾಲಾಗಿ ಕೂರಿಸಿದ್ದರು. ಮಂತ್ರಿಗಳ ಕಾರು ಬಂದು ನಿಂತಿತು.

ಮೇಡಂ ಓಡಿ ಬಂದರು. "ಬೆಂಕೀನೇ ಹಾಕಿಲ್ವಲ್ಲೇ! ಒಂದು ತಮಟೇನೂ ಕಾಯಿಸಿಲ್ಲ. ಕಾಯಿಸದೆ ಎಲ್ಲಿ ಸದ್ದು ಬರುತ್ತೆ? ಇವರಿಗೆ ಅಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ ಮೇಡಂ. ಇವರ್ಯಾರಿಗೂ ಬಾರಿಸೋಕೆ ಬರಲ್ಲ."

"ಮತ್ತೆ ಯಾಕೆ ಕರ್ಕೊಂಡು ಬಂದೆ?"

ಮಾದೇವಿ ಉತ್ತರ ಕೊಡುವ ಮೊದಲೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು "ಅವ್ವಾ!" ಎಂದು ಕಿರುಚುತ್ತ ಎದ್ದು ಓಡಿ ಬಂದಳು.